ಘಟ್ಟಕ್ಕೂ ಕರಾವಳಿಗೂ ಎಲೆಕ್ಟ್ರಿಕ್ ಕಾರು: ಇಟ್ಟುಕೊಂಡವರ ಅನುಭವ ಬೇಕಾಗಿದೆ

ಕೇಳಿದವರು, ಕುಮಟಾ:
ಕೆಲಸದ ನಿಮಿತ್ತ ದೇವಿಮನೆ ಘಟ್ಟ ಹತ್ತಿ ಆಗಾಗ ಶಿರಸಿಗೆ ಹೋಗಿ ಬರುತ್ತೇನೆ. ರ‍್ಯಾಲಿಯ ಹವ್ಯಾಸಕ್ಕೆಂದು ಹದಗೊಳಿಸಿಟ್ಟುಕೊಂಡಿರುವ ಹಳೆಯ ಪೆಟ್ರೋಲ್ ಕಾರನ್ನು ಮಾರಿ, ಅಡಾಸ್ (ಕ್ಯಾಮೆರಾದಿಂದ ರಸ್ತೆ ನೋಡಿ ಸ್ಟೀರಿಂಗಿಗೂ ಬ್ರೇಕಿಗೂ ನೆರವಾಗುವ ವ್ಯವಸ್ಥೆ) ಇರುವ ಎಲೆಕ್ಟ್ರಿಕ್ ಕಾರು ಕೊಳ್ಳುವ ಆಲೋಚನೆಯಿದೆ. ಇರುವುದು ಬಾಡಿಗೆ ಮನೆ, ಕಾರು ನಿಲ್ಲುವುದು ರಸ್ತೆಯ ಪಕ್ಕದಲ್ಲಿ. ಬಲ್ಲವರು ತಿಳಿಸಬೇಕು.

ಅಡಿಕೆ ಬೆಳೆಗಾರ, ಶಿರಸಿ ತಾಲೂಕು:
ಧಾರಾಳವಾಗಿ ಕೊಳ್ಳಿ. ನನ್ನದು 24 ಯೂನಿಟ್ ಬ್ಯಾಟರಿಯ ಸಣ್ಣ ಕಾರು, ಕೊಂಡದ್ದಕ್ಕೆ ಹೆಮ್ಮೆಯಿದೆ. ಕಾರಿನ ಬೆಲೆಯ ಜೊತೆಗೆ ಮನೆಯ ವೈರಿಂಗಿಗೂ ಖರ್ಚಾಯಿತು. ಮಂಜೂರಾದ ಲೋಡನ್ನು 3 ಕಿಲೋವ್ಯಾಟ್‌ನಿಂದ 8ಕ್ಕೆ ಏರಿಸಿಕೊಂಡೆ. ಮೀಟರ್ ಬೋರ್ಡಿನಿಂದ ಕೊಟ್ಟಿಗೆಯ ಪಕ್ಕದ ಶೆಡ್ಡಿನವರೆಗೆ 42 ಮೀಟರ್ ತಾಮ್ರದ ಕೇಬಲ್ ಎಳೆಸಿದ್ದಕ್ಕೆ 18,500 ರೂಪಾಯಿ, ಅರ್ಥಿಂಗಿನ ಎರಡು ಗುಂಡಿಗಳಿಗೆ 9,000 ರೂಪಾಯಿ ಬಿತ್ತು. ನಮ್ಮದು ಚಿರೇಕಲ್ಲಿನ ನೆಲ. ಮಳೆಗಾಲದಲ್ಲಿ ತೊಂದರೆಯಿಲ್ಲ, ಆದರೆ ಮಾರ್ಚ್ ಕಳೆದು ನೆಲ ಒಣಗಿತೆಂದರೆ ಅರ್ಥಿಂಗ್ ಸಾಲದೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಈಗ ತೋಟದ ಸ್ಪ್ರಿಂಕ್ಲರಿನ ಒಂದು ಕವಲನ್ನೇ ಆ ಗುಂಡಿಗಳಿಗೆ ತಿರುಗಿಸಿದ್ದೇನೆ. ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಕುಸಿಯುವುದರಿಂದ ರಾತ್ರಿ ಹನ್ನೊಂದರ ನಂತರವೇ ಹಚ್ಚುತ್ತೇನೆ. ಇಷ್ಟೆಲ್ಲ ಇದ್ದರೂ ಘಟ್ಟ ಇಳಿಯುವಾಗಿನ ಸುಖವೇ ಬೇರೆ: ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಜನರೇಟರಿನಂತೆ ತಿರುಗಿ ಕಾರನ್ನು ಹಿಡಿಯುತ್ತದೆ, ಕೆಳಗೆ ತಲುಪುವಾಗ ಬ್ಯಾಟರಿ ಶೇಕಡಾ 3ರಿಂದ 4ರಷ್ಟು ಏರಿರುತ್ತದೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕಾರವಾರ:
ಮೇಲಿನವರಿಗೆ ಸಮುದ್ರದ ಗಾಳಿಯ ಅನುಭವವಿಲ್ಲ. ಮೋಟಾರೇ ಕಾರನ್ನು ಹಿಡಿಯುತ್ತದೆಂದರೆ ಬ್ರೇಕಿನ ಡಿಸ್ಕಿಗೆ ಪ್ಯಾಡು ತಾಗುವುದೇ ಅಪರೂಪ ಎಂದರ್ಥ. ಪೆಟ್ರೋಲ್ ಕಾರಿನಲ್ಲಿ ನಿತ್ಯದ ಉಜ್ಜಾಟಕ್ಕೆ ತುಕ್ಕು ಹೋಗುತ್ತಿರುತ್ತದೆ, ಇದರಲ್ಲಿ ಹೋಗುವುದಿಲ್ಲ. ನಮ್ಮ ಮನೆ ಕಡಲಿಗೆ ಹತ್ತಿರ. ಜುಲೈನಲ್ಲಿ ಒಂದು ವಾರ ಕಾರು ತೆಗೆಯದೆ ಇದ್ದುದಕ್ಕೆ ಡಿಸ್ಕುಗಳು ಕಾವಿ ಬಣ್ಣಕ್ಕೆ ತಿರುಗಿ, ಪ್ಯಾಡಿನ ಅಂಚಿನ ಗುರುತಿನಲ್ಲಿ ಗೀರು ಬಿದ್ದು, ಕೊನೆಗೆ ಮುಂದಿನ ಎರಡನ್ನೂ ಬದಲಿಸಬೇಕಾಯಿತು. ಕೂಲಿ ಸೇರಿ 14,600 ರೂಪಾಯಿ. ವಾರಂಟಿಗೆ ಇದು ಬರುವುದಿಲ್ಲವಂತೆ.

ಇನ್ನೊಂದು ಸಂಗತಿ. ದೊಡ್ಡ ಬ್ಯಾಟರಿ ಶೇಕಡಾ 70 ತುಂಬಿದ್ದಾಗಲೇ ನನ್ನ ಕಾರು ಅಂಕೋಲಾದ ಪೇಟೆಯಲ್ಲಿ ಸತ್ತು ನಿಂತಿತು. ಕಾರಣ, ಪೆಟ್ರೋಲ್ ಕಾರಿನಲ್ಲಿ ಇರುವಂಥದೇ 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಜೋಡಿಸುವ ಸ್ವಿಚ್ಚುಗಳಿಗೆ ಕರೆಂಟು ಬರುವುದು ಅದರಿಂದ. ಅದು ಕೈಕೊಟ್ಟರೆ ಬಾಗಿಲ ಬೀಗವೂ ಸರಿಯಾಗಿ ತೆರೆಯದು. ಮೋಟಾರು ತಿರುಗಿಸುವ ಚಕ್ರಗಳು ನೆಲಕ್ಕೆ ತಾಗುವಂತೆ ಎಳೆದೊಯ್ಯಬಾರದೆಂದು ಇಡೀ ಕಾರನ್ನು ಹೊರುವ ಲಾರಿ ಬರಬೇಕಾಯಿತು. ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ದದ್ದಕ್ಕೆ 11,800 ರೂಪಾಯಿ, ಬದಲಿಸಿದ ಬ್ಯಾಟರಿಗೆ ಅದರ ಅರ್ಧವೂ ಆಗಲಿಲ್ಲ. ಸ್ಥಳೀಯ ಗ್ಯಾರೇಜಿನವರು ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಕಂಡೊಡನೆ ಬಾನೆಟ್ ಮುಚ್ಚಿದರು. ಅವರ ತಪ್ಪಲ್ಲ, ತರಬೇತಿ ಕೊಟ್ಟವರು ಯಾರು?

ರ‍್ಯಾಲಿ ಚಾಲಕ, ಅಂಕೋಲಾ:
ಇಳಿಯುವಾಗ ಬ್ಯಾಟರಿ ತುಂಬುತ್ತದೆ ಎಂಬ ಮಾತನ್ನು ಷೋರೂಮಿನಲ್ಲಿ ಹೇಳಲಿ, ಇಲ್ಲಿ ಬೇಡ. ನಾನು 2023ರ ಫೆಬ್ರುವರಿ 11ರಂದು ಹೈದರಾಬಾದಿನಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸನ್ನು ಕಣ್ಣಾರೆ ಕಂಡವನು. ಜಾನ್ ಎರಿಕ್ ವೆರ್ನ್ ಗೆದ್ದ ದಿನ ಅದು. ಹುಸೇನ್ ಸಾಗರದ ದಂಡೆಯಲ್ಲಿ ಕಾರುಗಳು ಸೀಟಿ ಊದಿದಂತೆ ಹಾದುಹೋದವು; ಪಕ್ಕದವನ ಮಾತು ಕೇಳಿಸುತ್ತಿತ್ತು. ನನ್ನ ಮಟ್ಟಿಗೆ ಅದು ನಷ್ಟ. ರ‍್ಯಾಲಿಯಲ್ಲಿ ಎಂಜಿನ್ನಿನ ಸದ್ದನ್ನು ಕಿವಿಯಿಂದ ಕೇಳಿಯೇ ಗೇರ್ ಹಾಕುತ್ತೇವೆ, ಟೈರು ಹಿಡಿತ ಬಿಡುವುದನ್ನು ಅರಿಯುತ್ತೇವೆ. ನಾನು ಪೆಟ್ರೋಲ್ ಕಾರನ್ನು ಇಟ್ಟುಕೊಂಡೆ. ಕ್ಲಚ್, ಸಸ್ಪೆನ್ಷನ್, ರೋಲ್ ಕೇಜ್ (ಕಾರು ಮಗುಚಿದರೆ ಕಾಯುವ ಒಳಗಿನ ಉಕ್ಕಿನ ಚೌಕಟ್ಟು) ಸೇರಿ ಈ ವರ್ಷ 1,37,000 ರೂಪಾಯಿ ಸುರಿದಿದ್ದೇನೆ, ಒಂದು ರೂಪಾಯಿಗೂ ಮರುಗುವುದಿಲ್ಲ. ಫಾರ್ಮುಲಾ ಇ 2014ರಲ್ಲಿ ಶುರುವಾದಾಗ ರೇಸಿನ ನಡುವೆ ಚಾಲಕ ಕಾರನ್ನೇ ಬದಲಿಸಬೇಕಿತ್ತು, ಬ್ಯಾಟರಿ ಕೊನೆಯವರೆಗೆ ಸಾಲುತ್ತಿರಲಿಲ್ಲ. ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬಂದಾದ ದಿನಗಳಲ್ಲಿ ನಾನು ಯಲ್ಲಾಪುರ, ಶಿರಸಿ ಸುತ್ತಿ ಕುಮಟಾಕ್ಕೆ ಹೋದೆ. ಆಗ ಬದಲಿ ಕಾರು ಕೊಡುವವರು ಯಾರಿದ್ದರು?

ಅಡಿಕೆ ಬೆಳೆಗಾರ, ಶಿರಸಿ ತಾಲೂಕು:
ಸುಳ್ಳು ಹೇಳುವ ಅಗತ್ಯ ನನಗಿಲ್ಲ. ಕಾರು ಬದಲಿಸುವ ಕಾಲ 2018ಕ್ಕೇ ಮುಗಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಬಂದ ಎರಡನೆಯ ಪೀಳಿಗೆಯ ಕಾರುಗಳು ಒಂದೇ ಬ್ಯಾಟರಿಯಲ್ಲಿ ರೇಸು ಮುಗಿಸಿದವು. ನೀವು ಹೈದರಾಬಾದಿನಲ್ಲಿ ಕಂಡ ಕಾರು ಬ್ರೇಕ್ ಹಾಕುವಾಗ 600 ಕಿಲೋವ್ಯಾಟ್‌ವರೆಗೆ ವಿದ್ಯುತ್ತನ್ನು ಹಿಂದಕ್ಕೆ ಪಡೆಯುತ್ತದೆ. ನೋಡಿ ಬಂದವರೇ ಇದನ್ನು ಮರೆತರೆ ಹೇಗೆ?

ಭೌತಶಾಸ್ತ್ರ ಶಿಕ್ಷಕಿ, ಹೊನ್ನಾವರ:
ಇಬ್ಬರೂ ಲೆಕ್ಕ ಹಾಕದೆ ಜಗಳಾಡುತ್ತಿದ್ದೀರಿ. 1,500 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 73.5 ಲಕ್ಷ ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್, ಆದ್ದರಿಂದ ಒಟ್ಟು ಎರಡು ಯೂನಿಟ್ಟಿಗಿಂತ ತುಸು ಹೆಚ್ಚು. ಟೈರಿನ ಉರುಳು ಪ್ರತಿರೋಧ, ಗಾಳಿಯ ತಡೆ, ಮೋಟಾರಿನಲ್ಲಿ ಶಾಖವಾಗಿ ಹೋಗುವುದು, ಇವೆಲ್ಲವನ್ನೂ ಕಳೆದರೆ ಬ್ಯಾಟರಿಗೆ ಸೇರುವುದು ಹೆಚ್ಚುಕಡಿಮೆ ಒಂದು ಯೂನಿಟ್. 24 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು ಶೇಕಡಾ 4. ಶಿರಸಿಯವರು ಹೇಳಿದ್ದು ಸರಿ. ಆದರೆ ಹತ್ತುವಾಗ ಖರ್ಚಾಗುವುದು ಇದರ ಎಷ್ಟೋ ಪಟ್ಟು ಎಂಬುದನ್ನೂ ಅವರು ಬರೆಯಬೇಕಿತ್ತು. ಶಿರಸಿಯಲ್ಲಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಇಳಿದರೆ ಹೊಸ ಶಕ್ತಿಗೆ ಜಾಗವೇ ಇಲ್ಲದೆ ಮೋಟಾರಿನ ಹಿಡಿತ ಕುಗ್ಗುತ್ತದೆ. ಅಭ್ಯಾಸವಿಲ್ಲದವರಿಗೆ ಮೊದಲ ತಿರುವಿನಲ್ಲೇ ಗಾಬರಿಯಾಗುತ್ತದೆ.

ನನ್ನ ಕಾರಿನಲ್ಲಿ ಅಡಾಸ್ ಇದೆ. ಹೆದ್ದಾರಿಯಲ್ಲಿ ಬಿಳಿ ಗೆರೆ ಸ್ಪಷ್ಟವಾಗಿರುವ ಕಡೆ ಅದು ನನ್ನ ಬೆನ್ನುನೋವನ್ನು ನಿಜಕ್ಕೂ ಕಡಿಮೆ ಮಾಡಿದೆ. ಘಟ್ಟದಲ್ಲಿ ಮಂಜು ಕವಿದರೆ, ಗೆರೆಯ ಮೇಲೆ ಕೆಂಪು ರಾಡಿ ಹರಿದರೆ, ಕ್ಯಾಮೆರಾಕ್ಕೆ ಏನೂ ಕಾಣದೆ ತಾನಾಗಿ ಕೈಬಿಡುತ್ತದೆ. ಒಮ್ಮೆ ತಿರುವಿನಲ್ಲಿ ಎದುರಿನ ಬಸ್ಸನ್ನು ಅಡ್ಡ ಬಂದ ವಾಹನವೆಂದು ತಿಳಿದು ಗಕ್ಕನೆ ಬ್ರೇಕ್ ಹಾಕಿತು. ಹಿಂದಿದ್ದ ಬೈಕಿನವನು ಕೂದಲೆಳೆಯಲ್ಲಿ ಪಾರಾದ. ಅಂದಿನಿಂದ ಘಟ್ಟದ ಬುಡದಲ್ಲೇ ಅದನ್ನು ಆರಿಸುತ್ತೇನೆ. ಇದು ಎರಡನೆಯ ಹಂತದ ನೆರವು, ಹೊಣೆ ಪೂರ್ತಿ ಚಾಲಕರದ್ದೇ. ಅಬುಧಾಬಿಯ ಯಾಸ್ ಮರೀನಾದಲ್ಲಿ 2024ರ ಏಪ್ರಿಲಿನಲ್ಲಿ ಚಾಲಕರಿಲ್ಲದ ಕಾರುಗಳ ರೇಸು ನಡೆಯಿತು. ಫೈನಲಿನಲ್ಲಿ ಮುಂದಿದ್ದ ಕಾರು ಗಿರಕಿ ಹೊಡೆದು ನಿಂತಾಗ ಹಳದಿ ಬಾವುಟ ಬಂತು; ಹಳದಿ ಬಾವುಟವಿದ್ದಾಗ ಹಿಂದಿಕ್ಕಬಾರದೆಂಬ ನಿಯಮ ಪಾಲಿಸಿ ಹಿಂದಿನವೂ ನಿಂತುಬಿಟ್ಟವು. ಮತ್ತೆ ಓಡಿಸಿದಾಗ ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಗೆದ್ದಿತು. ಎಮ್ಮೆ, ಬಸ್ಸು, ಮಳೆ ಯಾವುದೂ ಇಲ್ಲದ ರೇಸ್ ಟ್ರ್ಯಾಕಿನ ಕಥೆ ಇದು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕಾರವಾರ:
ಲೆಕ್ಕ ಸರಿ ಮೇಡಂ. ಆದರೆ ಡಿಸ್ಕಿಗೂ ಲಾರಿಗೂ ಸೇರಿದ ನನ್ನ 26,400 ರೂಪಾಯಿಯ ಲೆಕ್ಕಕ್ಕೆ ಯಾರೂ ಉತ್ತರ ಕೊಡಲಿಲ್ಲ.

ವೈರಿಂಗ್ ಗುತ್ತಿಗೆದಾರ, ಕುಮಟಾ:
ಕೇಳಿದವರದ್ದು ಬಾಡಿಗೆ ಮನೆ, ರಸ್ತೆ ಬದಿಯ ಜಾಗ. ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಲೋಡ್ ಏರಿಸುವ ಕೆಲಸ ನಾನು ಹಿಡಿಯುವುದಿಲ್ಲ. ಕಿಟಕಿಯಿಂದ ತಂತಿ ಎಳೆದು, ಕಾಲುದಾರಿ ದಾಟಿಸಿ, ಮಳೆಯಲ್ಲಿ ಚಾರ್ಜ್ ಮಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಜಾಗ ನೋಡಿಕೊಳ್ಳಿ, ಆಮೇಲೆ ಕಾರು.

ರ‍್ಯಾಲಿ ಚಾಲಕ, ಅಂಕೋಲಾ:
ಶೇಕಡಾ 4 ಎಂದು ಶಿಕ್ಷಕಿಯವರು ಹೇಳಿದ್ದರಿಂದ ಒಪ್ಪುತ್ತೇನೆ. ಆದರೂ ಕೇಳಿ: ಫಾರ್ಮುಲಾ ಒನ್ ಕೂಡ 2026ರ ನಿಯಮದಲ್ಲಿ ಎಂಜಿನ್ ಬಿಟ್ಟಿಲ್ಲ. ಮೋಟಾರಿನ ಬಲವನ್ನು 120ರಿಂದ 350 ಕಿಲೋವ್ಯಾಟಿಗೆ ಏರಿಸಿ, ಸರಿಸುಮಾರು ಅರ್ಧ ಪಾಲು ಅದಕ್ಕೆ ಕೊಟ್ಟರೂ ಉಳಿದರ್ಧ ಎಂಜಿನ್ನಿನದೇ.

ಅಡಿಕೆ ಬೆಳೆಗಾರ, ಶಿರಸಿ ತಾಲೂಕು:
ಅರ್ಧಕ್ಕೆ ಬಂದದ್ದೇ ನನ್ನ ವಾದ. ಮಳೆ ಬಿಟ್ಟ ಮೇಲೆ ಶಿರಸಿಗೆ ಬನ್ನಿ. ಶೇಕಡಾ 80ರಿಂದ ಹೊರಟು ಇಳಿಯೋಣ, ಮೀಟರನ್ನು ನೀವೇ ಓದಿ.

ರ‍್ಯಾಲಿ ಚಾಲಕ, ಅಂಕೋಲಾ:
ಬರುತ್ತೇನೆ. ಎಸಿ ಬಂದ್ ಇರಬೇಕು, ಅಳತೆ ಘಟ್ಟದ ನೆತ್ತಿಯಿಂದ ಶುರುವಾಗಬೇಕು, ಹತ್ತುವಾಗ ಎಷ್ಟು ಇಳಿಯಿತೆಂಬುದನ್ನೂ ಇದೇ ಜಾಗದಲ್ಲಿ ಬರೆಯಬೇಕು.