ಬ್ಲೂ ಟ್ಯಾಂಗ್‌ಗೆ ಬಿಳಿ ಚುಕ್ಕೆ ಬಂದಿದೆ, ಕ್ವಾರಂಟೈನ್ ಮಾಡಿದವರು ಹೇಳಿ

ಪ್ರಶ್ನೆ: ಉಪ್ಪುನೀರಿನ ಟ್ಯಾಂಕ್‌ನಲ್ಲಿರುವ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಚುಕ್ಕೆಗಳು. ಕಲ್ಲಿಗೆ ಮೈ ಉಜ್ಜುತ್ತಿದೆ. ಜೊತೆಗೆ ಎರಡು ಕ್ಲೌನ್ ಮೀನು, ಒಂದು ಸೀಗಡಿ, ಸ್ವಲ್ಪ ಹವಳ ಇವೆ. ಅಂಗಡಿಯವರು ಕಾಪರ್ (ತಾಮ್ರದ) ಔಷಧಿ ಕೊಟ್ಟರು. ಟ್ಯಾಂಕ್‌ಗೇ ಹಾಕಬಹುದಾ?

ಉತ್ತರ: ಖಂಡಿತ ಬೇಡ. ಕಾಪರ್ ಬಿದ್ದರೆ ಸೀಗಡಿಯೂ ಇಲ್ಲ, ಹವಳವೂ ಇಲ್ಲ. ಕಲ್ಲು, ಮರಳು ಅದನ್ನು ಹೀರಿಕೊಳ್ಳುವುದರಿಂದ ನೀರಲ್ಲಿ ಔಷಧಿಯ ಮಟ್ಟವೂ ನಿಲ್ಲಲ್ಲ. ಮೂರೂ ಮೀನನ್ನು ಬೇರೆ ಟ್ಯಾಂಕ್‌ಗೆ ಹಾಕಿ. ಕ್ಲೌನ್ ಮೇಲೆ ಚುಕ್ಕೆ ಕಾಣದಿದ್ದರೂ ಕಿವಿರೊಳಗೆ ಇರಬಹುದು.

ಲಕ್ಷಣ ನೋಡಿದರೆ ಇದು ಮೆರೈನ್ ಇಕ್, ಅಂದರೆ ಕ್ರಿಪ್ಟೊಕ್ಯಾರಿಯಾನ್ ಅನ್ನೋ ಪರೋಪಜೀವಿಯಿಂದ ಬರುವ ರೋಗ. ಆ ಜೀವಿ ಮೀನಿನ ಮೇಲೆ 3ರಿಂದ 7 ದಿನ ಇದ್ದು ಉದುರುತ್ತದೆ. ಚುಕ್ಕೆ ಹೋಯಿತು, ವಾಸಿಯಾಯಿತು ಅಂತ ನಾವು ಅಂದುಕೊಳ್ತೀವಿ. ಅದು ಮರಳು, ಕಲ್ಲಿಗೆ ಅಂಟಿ, ಸುತ್ತ ಗೂಡು ಕಟ್ಟಿಕೊಂಡು ನೂರಾರಾಗಿ ಹೊರಗೆ ಬರುತ್ತದೆ. ಕೆಲವು ಗೂಡು ಒಡೆಯಲು 72 ದಿನ ಹಿಡಿದದ್ದೂ ಉಂಟು. ದೊಡ್ಡ ಟ್ಯಾಂಕ್‌ನಲ್ಲಿ 76 ದಿನ ಒಂದೂ ಮೀನು ಇರಬಾರದು ಅನ್ನೋದು ಇದಕ್ಕೇ. ಸೀಗಡಿ, ಹವಳ ಅಲ್ಲೇ ಇರಲಿ.

ಮೀನನ್ನು ಬೇರೆ ಇಡುವ ಈ ಕ್ವಾರಂಟೈನ್ ಟ್ಯಾಂಕ್ ಚೆಂದ ಕಾಣಬೇಕಿಲ್ಲ. ಬರೀ ಗಾಜು, ಹೀಟರ್, ಸ್ಪಾಂಜ್ ಫಿಲ್ಟರ್, ಅಡಗಿಕೊಳ್ಳೋಕೆ ಎರಡು ಪಿವಿಸಿ ಎಲ್ಬೋ ಸಾಕು. ಫಿಲ್ಟರ್ ಒಳಗೆ ಕಾರ್ಬನ್ (ಇದ್ದಿಲು) ಹಾಕಬೇಡಿ, ಕಾಪರ್ ಎಳೆದುಕೊಳ್ಳುತ್ತೆ. ಬಾಟಲಿಯ ಮೇಲೆ ಏನಿದೆ ಮೊದಲು ಓದಿ. ಕೀಲೇಟೆಡ್ ಕಾಪರ್ (ಬೇರೆ ರಾಸಾಯನಿಕಕ್ಕೆ ಬಿಗಿಯಾಗಿ ಕಟ್ಟಿದ ಕಾಪರ್) ಆದರೆ 2.25ರಿಂದ 2.5 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಕ್ಯುಪ್ರಮೀನ್ ಅನ್ನೋ ಬ್ರ್ಯಾಂಡಿನ ಕಾಪರ್ ಆದರೆ 0.5 ಅಷ್ಟೇ. ಇದರ ಲೆಕ್ಕ ಅದಕ್ಕೆ ಹಾಕಿದರೆ ಮೀನು ಕೈಬಿಟ್ಟ ಹಾಗೆಯೇ. ನಿಧಾನವಾಗಿ ಏರಿಸಿ, 30 ದಿನ ಮಟ್ಟ ಇಳಿಯದ ಹಾಗೆ ನೋಡಿಕೊಳ್ಳಿ. ಆ ಕಾಪರ್‌ಗೆ ಹೊಂದುವ ಟೆಸ್ಟ್ ಕಿಟ್ ಇಲ್ಲದೆ ಶುರು ಮಾಡಲೇಬೇಡಿ.

ನನ್ನ ಪ್ರಕಾರ ಇಲ್ಲಿ ರೋಗಕ್ಕಿಂತ ಹೆಚ್ಚು ಹೆದರಬೇಕಾದ್ದು ಅಮೋನಿಯಕ್ಕೆ. ಹೊಸ ಫಿಲ್ಟರ್‌ನಲ್ಲಿ ಮೀನಿನ ಕಸದಿಂದ ಬರುವ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಇರಲ್ಲ ಅಲ್ವಾ? ಅಮೋನಿಯ ಕಟ್ಟುವ ದ್ರಾವಣ ಸುರಿಯೋಣ ಅನ್ನಿಸುತ್ತೆ. ಬೇಡ, ಕಾಪರ್ ಜೊತೆ ಅವು ಸೇರಿದರೆ ಕಾಪರ್ ಇನ್ನೂ ವಿಷವಾಗಬಹುದು. ನೀರು ಬದಲಿಸಿ. ಹೊಸ ನೀರಲ್ಲೂ ಅಷ್ಟೇ ಕಾಪರ್ ಬೆರೆಸಿ ಹಾಕಿ.

ಇನ್ನೊಬ್ಬರು: ಮೇಲಿನದೆಲ್ಲ ಸರಿ. ಆದರೆ ಟ್ಯಾಂಗ್‌ಗೆ ಕಾಪರ್ ಕೊಡೋಕೆ ನನಗೆ ಧೈರ್ಯ ಸಾಲಲ್ಲ, ಅವು ಮೇವು ಬಿಡುತ್ತವೆ. ನಾನು ಟಬ್ ಬದಲಿಸುವ ದಾರಿ ಹಿಡೀತೀನಿ. 72 ಗಂಟೆಗೊಮ್ಮೆ ಹೊಸ ನೀರಿನ ಟಬ್‌ಗೆ ಮೀನು. ನಾಲ್ಕು ಸಲ, ಒಟ್ಟು 12 ದಿನ. ಗೂಡು ಒಡೆಯುವಷ್ಟರಲ್ಲಿ ಮೀನು ಅಲ್ಲಿರಲ್ಲ. ಹಳೇ ಟಬ್, ಫಿಲ್ಟರ್, ಬಲೆ ತೊಳೆದು ಪೂರ್ತಿ ಒಣಗಿಸಬೇಕು. ಉಪ್ಪು ಜಾಸ್ತಿ ಖರ್ಚಾಗುತ್ತೆ, ಅದಕ್ಕೆ ಸಿದ್ಧವಿರಿ. ಟಬ್ ಮೇಲೆ ಜಾಲರಿ ಮುಚ್ಚಿ, ಟ್ಯಾಂಗ್ ಎಗರುತ್ತೆ. ಕರೆಂಟ್ ಹೋಗುವ ಏರಿಯಾ ಆದರೆ ಬ್ಯಾಟರಿ ಏರ್ ಪಂಪ್ ತಂದಿಟ್ಟುಕೊಳ್ಳಿ.

ಮತ್ತೊಬ್ಬರು: ಟಬ್ ತರೋ ಮೊದಲು ರಾತ್ರಿ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಚುಕ್ಕೆ ಬಿಡಿಬಿಡಿಯಾಗಿ ಎಣಿಸುವ ಹಾಗಿದ್ದರೆ ಇಕ್. ಸಣ್ಣ ಧೂಳು ಮೆತ್ತಿದ ಹಾಗಿದ್ದು, ಉಸಿರು ಜೋರಾಗಿ, ಮೀನು ಪಂಪ್ ಎದುರಿಗೇ ನಿಲ್ಲುತ್ತಿದ್ದರೆ ವೆಲ್ವೆಟ್, ಇನ್ನೊಂದು ಪರೋಪಜೀವಿಯ ರೋಗ. ಅದಕ್ಕೆ ಟಬ್ ಬದಲಿಸುವುದು, ಉಪ್ಪು ಕಡಿಮೆ ಮಾಡುವುದು ಯಾವುದೂ ನಡೆಯಲ್ಲ. ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿ ಮಾಡುವ ರೋಗ ಅದು. ಹಾಗಿದ್ದರೆ ಬೆಳಗಿನ ತನಕ ಕಾಯದೆ ಅವತ್ತೇ ಕಾಪರ್ ಶುರು ಮಾಡಿ.