ಸೈಟೋಕೈನ್ ಹಾಕಿದ ಐಲೆಟ್‌ಗೂ ಹಾಕದ್ದಕ್ಕೂ ವ್ಯತ್ಯಾಸವೇ ಬರ್ತಿಲ್ಲ, ಎಲ್ಲಿ ತಪ್ಪಿದೆ?

ಸಿಂಧನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟು ಹೋಗಿದೆ. ಎಲ್ಲರಿಗೂ ಸಿಗುವ ಒಂದು ಆರ್‌ಎನ್‌ಎ-ಸೀಕ್ ಡೇಟಾ (ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅಂತ ಎಣಿಸಿದ್ದು) ಇಳಿಸಿಕೊಂಡು ಮನೆಯಲ್ಲೇ ಕೂತು ನೋಡ್ತಿದ್ದೇನೆ. 6 ದಾನಿಗಳ ಐಲೆಟ್, ಅಂದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳಿರುವ ಗುಂಪುಗಳು. ಪ್ರತಿ ದಾನಿಯದ್ದರಲ್ಲೂ ಅರ್ಧ ಸುಮ್ನೆ ಬಿಟ್ಟಿದ್ದಾರೆ, ಇನ್ನರ್ಧಕ್ಕೆ ಐಎಲ್-1 ಬೀಟಾ ಮತ್ತು ಇಂಟರ್‌ಫೆರಾನ್ ಗಾಮಾ ಅನ್ನುವ ಎರಡು ಸೈಟೋಕೈನ್ (ಉರಿಯೂತದ ಸಂಕೇತ ಒಯ್ಯುವ ಪ್ರೋಟೀನ್) ಹಾಕಿ 48 ಗಂಟೆ ಇಟ್ಟಿದ್ದಾರೆ. ಒಟ್ಟು 12 ಸ್ಯಾಂಪಲ್. ಉರಿಯೂತದಲ್ಲಿ ರಾಶಿ ರಾಶಿ ಜೀನ್‌ಗಳು ಏರುಪೇರಾಗುತ್ತವೆ ಅಂತ ಓದಿದ್ದೆ, ಡಿಇಸೀಕ್2 ಅನ್ನೋ ಲೆಕ್ಕದ ಪ್ರೋಗ್ರಾಂ ಓಡಿಸಿದರೆ ನನಗೆ ಸಿಕ್ಕಿದ್ದು ನಾಲ್ಕೇ ನಾಲ್ಕು. ಪಿಸಿಎ ಚಿತ್ರದಲ್ಲಿ (ಒಂದೇ ಥರದ ಸ್ಯಾಂಪಲ್‌ಗಳು ಹತ್ತಿರ ಹತ್ತಿರ ಬೀಳುವ ಚಿತ್ರ) ಸೈಟೋಕೈನ್ ಹಾಕಿದ ಕೆಂಪು ಚುಕ್ಕೆ, ಹಾಕದ ನೀಲಿ ಚುಕ್ಕೆ ಎಲ್ಲಾ ಚಿತ್ರಾನ್ನ.
ತಂಗಿಗೆ ಟೈಪ್ 1 ಮಧುಮೇಹ ಇದೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಅವಳ ಇನ್ಸುಲಿನ್ನನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡುವ ಮನೆ ನಮ್ಮದು, ಅದಕ್ಕೇ ಇದರ ಹಿಂದೆ ಬಿದ್ದಿದ್ದೇನೆ.

ಕಾರಟಗಿ ಕಡೆಯವ:
ತಮ್ಮಾ, ಡಿಇಸೀಕ್2ಗೆ ಫಾರ್ಮುಲಾ ಏನು ಕೊಟ್ಟಿದ್ದೀಯ? ಬರೀ ‘ಚಿಕಿತ್ಸೆ’ ಅಂತ ಕೊಟ್ಟಿದ್ದರೆ ಅಲ್ಲೇ ಎಡವಟ್ಟು. ಮನುಷ್ಯರ ಐಲೆಟ್‌ನಲ್ಲಿ ದಾನಿಯಿಂದ ದಾನಿಗೆ ಬಹಳ ಫರಕು. ವಯಸ್ಸು, ತೂಕ, ಅಂಗ ತೆಗೆದ ಮೇಲೆ ಲ್ಯಾಬ್ ಸೇರಲು ಹಿಡಿದ ಸಮಯ, ಎಷ್ಟು ಶುದ್ಧವಾಗಿ ಬೇರ್ಪಡಿಸಿದರು, ಎಲ್ಲಾ ಸೇರುತ್ತದೆ. ನಮ್ಮ ಭತ್ತದ್ದೇ ತಗೋ. ಗೊಬ್ಬರದಿಂದ ಎಷ್ಟು ಇಳುವರಿ ಜಾಸ್ತಿ ಅಂತ ನೋಡೋಕೆ ಕಾಲುವೆ ಮೇಲ್ಭಾಗದ ಗದ್ದೆಯನ್ನೂ ಮಾನ್ವಿ ಕಡೆಯ ಕೊನೆ ಭಾಗದ ಗದ್ದೆಯನ್ನೂ ಕಲಸಿ ಲೆಕ್ಕ ಹಾಕಿದರೆ, ನಿನಗೆ ಕಾಣೋದು ನೀರಿನ ವ್ಯತ್ಯಾಸ. ಒಂದೇ ಗದ್ದೆಯಲ್ಲಿ ಅರ್ಧಕ್ಕೆ ಹಾಕಿ ಅರ್ಧ ಬಿಡಬೇಕು. ಇಲ್ಲಿ ಹಾಗೇ ಮಾಡಿದ್ದಾರೆ, ನೀನು ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ ಅಷ್ಟೇ. ‘~ ದಾನಿ + ಚಿಕಿತ್ಸೆ’ ಕೊಟ್ಟು ನೋಡು.

ಸಿಂಧನೂರು ಹುಡುಗ:
ಕೊಟ್ಟೆ ಅಣ್ಣಾ. ಆದರೂ ಆಗಲಿಲ್ಲ. ಇನ್ನೊಂದು ವಿಚಿತ್ರ: ಸಿಎಕ್ಸ್‌ಸಿಎಲ್10 ಜೀನ್ ಸೈಟೋಕೈನ್ ಹಾಕಿದ ಮೇಲೆ ಕಡಿಮೆ ಆಗಿದೆ ಅಂತ ತೋರಿಸ್ತಿದೆ.

ಬಳ್ಳಾರಿ ಅಕ್ಕ:
ಅದು ಆಗೋ ಮಾತೇ ಅಲ್ಲ. ಇಂಟರ್‌ಫೆರಾನ್ ಗಾಮಾ ಬಂದರೆ ಕೋಶದೊಳಗೆ ಸ್ಟ್ಯಾಟ್1 ಅನ್ನೋ ಜೀನ್ ಎಬ್ಬಿಸುವ ಪ್ರೋಟೀನ್ ಎಚ್ಚರವಾಗುತ್ತೆ, ಅದು ತನ್ನಂಥದ್ದೇ ಇನ್ನೊಂದಾದ ಐಆರ್‌ಎಫ್1ನ್ನು ಏರಿಸುತ್ತೆ. ಐಎಲ್-1 ಬೀಟಾ ಅದೇ ಥರದ ಎನ್‌ಎಫ್ ಕಪ್ಪಾ ಬಿಯನ್ನು ಎಬ್ಬಿಸುತ್ತೆ. ಎರಡೂ ಕಡೆಯವರು ಸೇರಿ ಸಿಎಕ್ಸ್‌ಸಿಎಲ್10ನ್ನು ಜೋರಾಗಿ ಮೇಲೇರಿಸುತ್ತಾರೆ. ರೋಗನಿರೋಧಕ ಪಡೆಯ ಟಿ ಕೋಶಗಳನ್ನು ‘ಬನ್ನಿ’ ಅಂತ ಕರೆಯುವ ಸಂಕೇತ ಅದು. ಐಲೆಟ್ ಒಳಗೆ ಇನ್ಸುಲಿನ್ ಮಾಡುವ ಬೀಟಾ ಕೋಶ ಸುಮ್ನೆ ಕೂತು ಏಟು ತಿನ್ನುವುದಿಲ್ಲ, ತಾನೇ ಕೂಗಿ ಕರೆದು ಮೈಮೇಲೆ ಎಳೆದುಕೊಳ್ಳುತ್ತೆ. ಉರಿಯೂತದ ಡೇಟಾ ಕೈಗೆ ಬಂದಾಗ ನಾನು ಪಿಸಿಎಗೂ ಮೊದಲು ನೋಡೋದು ಈ ಒಂದು ಜೀನನ್ನು.
12 ಕಾಲಮ್‌ನಲ್ಲಿ ಸಿಎಕ್ಸ್‌ಸಿಎಲ್10ದು ಎಷ್ಟೆಷ್ಟಿದೆ, ಇದ್ದ ಹಾಗೇ ಇಲ್ಲಿ ಹಾಕು. ಫೈಲ್ ಹೆಸರುಗಳೂ ಬೇಕು.

ಸಿಂಧನೂರು ಹುಡುಗ:
ಹೆಸರು ಎಸ್1, ಎಸ್2 ಹೀಗೆ. ಬೆಸ ಸಂಖ್ಯೆ ಸುಮ್ನೆ ಬಿಟ್ಟಿದ್ದು, ಸಮ ಸಂಖ್ಯೆ ಸೈಟೋಕೈನ್ ಹಾಕಿದ್ದು.
11, 5230, 19, 4108, 3876, 8, 6011, 23, 2945, 14, 5560, 17.

ಬಳ್ಳಾರಿ ಅಕ್ಕ:
ಸಿಕ್ತು ನೋಡು. ಮೊದಲ ನಾಲ್ಕು ಸರಿ, ಐದರಿಂದ ಪೂರ್ತಿ ಉಲ್ಟಾ. ಕಂಪ್ಯೂಟರ್ ಫೈಲ್‌ಗಳನ್ನು ಅಕ್ಷರದ ಲೆಕ್ಕದಲ್ಲಿ ಜೋಡಿಸಿದೆ: ಎಸ್1, ಎಸ್10, ಎಸ್11, ಎಸ್12, ಆಮೇಲೆ ಎಸ್2. ನೀನು ಸ್ಯಾಂಪಲ್ ಪಟ್ಟಿಯನ್ನು 1, 2, 3 ಅಂತ ಕೈಯಲ್ಲಿ ಟೈಪ್ ಮಾಡಿದ್ದೀಯ, ಸಾಲುಗಳಿಗೆ ಹೆಸರು ಕೊಟ್ಟಿಲ್ಲ ಅಲ್ವಾ? ಕೊಟ್ಟಿದ್ದರೆ ಕ್ರಮ ತಪ್ಪಿದೆ ಅಂತ ಡಿಇಸೀಕ್2 ಅಲ್ಲೇ ನಿಲ್ಲಿಸುತ್ತಿತ್ತು.

ಕಾರಟಗಿ ಕಡೆಯವ:
ದಾನಿ ಹೆಸರೂ ಅದಲು ಬದಲು, ಅದಕ್ಕೇ ನನ್ನ ಫಾರ್ಮುಲಾ ಕೆಲಸ ಮಾಡಲಿಲ್ಲ. ನಾನೂ ಒಮ್ಮೆ ಹೀಗೇ ಮೂರು ತಿಂಗಳು ಕಳೆದಿದ್ದೇನೆ, ಇರಲಿ ಬಿಡು.

ಸಿಂಧನೂರು ಹುಡುಗ:
ಅಕ್ಕಾ, ಆಯ್ತು! ಕ್ರಮ ಸರಿ ಮಾಡಿ, ದಾನಿ ಸೇರಿಸಿ ಓಡಿಸಿದೆ. ಸಾವಿರದ ಮೇಲೆ ಬಂತು. ಸ್ಟ್ಯಾಟ್1, ಐಆರ್‌ಎಫ್1, ಎಚ್‌ಎಲ್‌ಎ ಒಂದನೇ ವರ್ಗದವು (ಟಿ ಕೋಶಕ್ಕೆ ಕೋಶದ ಗುರುತು ತೋರಿಸುವ ಜೀನ್‌ಗಳು) ಎಲ್ಲಾ ಮೇಲೆ. ಪಿಸಿಎನಲ್ಲಿ ಈಗಲೂ ದಾನಿಗಳೇ ದೂರ ದೂರ, ಆದರೆ ಪ್ರತಿ ಜೋಡಿಯಲ್ಲೂ ಕೆಂಪು ಚುಕ್ಕೆ ಒಂದೇ ದಿಕ್ಕಿಗೆ ಸರಿದಿದೆ. ಟೈಪ್ 1ರ ಅಪಾಯದ ಡಿಎನ್‌ಎ ಜಾಗಗಳೂ ಇದೇ ಜೀನ್‌ಗಳಲ್ಲಿ ಇರುತ್ತವಾ?

ಬಳ್ಳಾರಿ ಅಕ್ಕ:
ಹೆಚ್ಚಿನವು ಪ್ರೋಟೀನ್ ಬರೆಯುವ ಭಾಗದಲ್ಲೇ ಇಲ್ಲ. ಜೀನ್ ಏರಿಸಿ ಇಳಿಸುವ ಸ್ವಿಚ್ಚಿನಂಥ ಜಾಗಗಳಿವೆಯಲ್ಲ, ಎನ್‌ಹ್ಯಾನ್ಸರ್, ಅಂಥ ಕಡೆ ಇವೆ. ಇದೇ ಎರಡು ಸೈಟೋಕೈನ್ ಹಾಕಿ ಬೀಟಾ ಕೋಶದ ಕ್ರೊಮಾಟಿನ್ (ಡಿಎನ್‌ಎ ಸುತ್ತಿಟ್ಟಿರುವ ರೀತಿ) ನೋಡಿದ ಕೆಲಸ 2019ರಲ್ಲಿ ಬಂತು. ಮುಚ್ಚಿದ್ದ ಎಷ್ಟೋ ಸ್ವಿಚ್ಚುಗಳು ಉರಿಯೂತದಲ್ಲಿ ತೆರೆದುಕೊಂಡವು, ಅಪಾಯದ ಕೆಲವು ಜಾಗಗಳು ಅಂಥವುಗಳ ಮೇಲೇ ಇದ್ದವು. ಅಂದರೆ ಆರಾಮಾಗಿರುವ ಐಲೆಟ್‌ನಲ್ಲಿ ಹುಡುಕಿದರೆ ಅವು ಕಣ್ಣಿಗೇ ಬೀಳಲ್ಲ. ಆರ್‌ಎನ್‌ಎ-ಸೀಕ್‌ನಲ್ಲಿ ಸ್ವಿಚ್ಚು ಕಾಣಲ್ಲ ಕಣೋ, ತೆರೆದಿರುವ ಡಿಎನ್‌ಎ ಜಾಗ ತೋರಿಸುವ ಅಟ್ಯಾಕ್-ಸೀಕ್ ಬೇಕು.

ಸಿಂಧನೂರು ಹುಡುಗ:
ಅದೂ ಇದೆ ಅಕ್ಕಾ, ಫೈಲ್ ಭಾರೀ ದೊಡ್ಡದು. ಇವತ್ತು ರಾತ್ರಿ ಇಳಿಸೋಕೆ ಹಾಕ್ತೀನಿ, ಕರೆಂಟ್ ಇದ್ದರೆ. ಈ ಸಲ ಹೆಸರು ಎಸ್01, ಎಸ್02.