ಲಿಂಟಲ್‌ಗೆ ಬಂದು ನಿಂತಿರುವ ಬಸವ ವಸತಿ ಮನೆ: ಎರಡನೇ ಬಿಲ್ಲಿಗೆ ಯಾರನ್ನು ಕೇಳಬೇಕು?

ಹಂಚಿನಮನೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಅಮ್ಮನ ಹೆಸರಲ್ಲಿ ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿತ್ತು. ಜನರಲ್ ಕೆಟಗರಿ, 1.20 ಲಕ್ಷ. ಹಳೇ ಹಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟುತ್ತಿದ್ದೇವೆ. "ಬೇಗ ಅಡಿಪಾಯ ಹಾಕಿ, ಇಲ್ಲದಿದ್ದರೆ ಮನೆ ಬ್ಲಾಕ್ ಆಗುತ್ತೆ" ಅಂತ ಪಂಚಾಯಿತಿಯವರು ಅವಸರ ಮಾಡಿದರು. ನಾವೂ ಅವಸರ ಮಾಡಿದೆವು. ಈಗ ಅವಸರ ಅವರಿಗಿಲ್ಲ.

ಒಂದೊಂದು ಹಂತ ಕಟ್ಟಿದ ಮೇಲೆ ಒಂದೊಂದು ಬಿಲ್ಲು, ಒಟ್ಟು ನಾಲ್ಕು. ಅಡಿಪಾಯದ ಬಿಲ್ಲು 30,000 ಬಂತು. ಗೋಡೆ ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ) ಮಟ್ಟಕ್ಕೆ ಬಂದ ಮೇಲೆ ಜಿಪಿಎಸ್ ಫೋಟೋ ತೆಗೆದುಕೊಂಡು ಹೋದರು. ಅಮ್ಮ ಸೆರಗು ಸರಿ ಮಾಡಿಕೊಂಡು ಗೋಡೆ ಪಕ್ಕ ನಿಂತಿದ್ದರು. "ಇನ್ನೊಂಚೂರು ಈಚೆ ಬಾರಮ್ಮ" ಅಂತ ಮತ್ತೊಂದು ಸಲ ತೆಗೆದರು. ಅದು ಯುಗಾದಿ ಹೊತ್ತಿಗೆ. ದಸರಾನೂ ಮುಗಿಯಿತು, ದುಡ್ಡು ಬಂದಿಲ್ಲ. ಪಂಚಾಯಿತಿಯಲ್ಲಿ ಕೇಳಿದರೆ "ಮೇಲಿಂದ ಬಂದಿಲ್ಲ". ತಾಲೂಕಿಗೆ ಹೋದರೆ "ನಿಮ್ಮ ಪಂಚಾಯಿತಿಯಲ್ಲೇ ಕೇಳಿ". ಅಮ್ಮ ತಗಡಿನ ಶೆಡ್‌ನಲ್ಲಿದ್ದಾರೆ. ಜೋರು ಮಳೆ ಬಂದರೆ ನೀರು ಒಳಗೇ ಬರುತ್ತೆ. ಅದಕ್ಕೇ ರೇಷನ್ ಅಕ್ಕಿ ಮೂಟೆಯನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದೇವೆ.

ತಡ ಆಗಿದ್ದಕ್ಕಿಂತ ನನಗೆ ಸಿಟ್ಟು ಬರುವುದು ಈ ಪದ್ಧತಿ ಮೇಲೆ. ಮೊದಲು ನೀವು ಕಟ್ಟಿ, ಆಮೇಲೆ ಬಿಲ್ಲು. ಕೈಯಲ್ಲಿ ಅಷ್ಟು ದುಡ್ಡು ಇದ್ದವರು ಈ ಮನೆಗೆ ಅರ್ಜಿ ಯಾಕೆ ಹಾಕುತ್ತಾರೆ? ನಾವು ಸಂಘದಲ್ಲಿ ಸಾಲ ತೆಗೆದು ಗೋಡೆ ಎಬ್ಬಿಸಿದೆವು. ಅಮ್ಮನ ಗೃಹಲಕ್ಷ್ಮಿ 2,000 ಬಂದರೆ ಅದು ಸಂಘದ ಕಂತಿಗೇ ಸರಿಹೋಗುತ್ತೆ. ಅದೂ ಒಂದೊಂದು ತಿಂಗಳು ಬರುವುದೇ ಇಲ್ಲ, ಆಮೇಲೆ ಯಾವಾಗಲೋ ಬರುತ್ತೆ. ಕಂತು ಕೇಳುವವರು ಮಾತ್ರ ವಾರ ತಪ್ಪಿಸಲ್ಲ.

ಬಿಲ್ಲು ಎಲ್ಲಿ ನಿಂತಿದೆ ಅಂತ ನೋಡುವುದು ಹೇಗೆ? ಅರ್ಜಿ ಯಾರಿಗೆ ಕೊಡಬೇಕು?

ಮಾಜಿ_ಮೆಂಬರ್:

ತಮ್ಮ, ನಾನು ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದೆ. "ಮೇಲಿಂದ ಬಂದಿಲ್ಲ" ಅನ್ನುವುದು ಕೆಲವು ಸಲ ನಿಜ. ಇನ್ನು ಕೆಲವು ಸಲ ಫೋಟೋ ಅಪ್ರೂವ್ ಆಗದೆ ಅಲ್ಲೇ ಕೂತಿರುತ್ತೆ. ಸುಮ್ನೆ "ಬಿಲ್ಲು ಬಂತಾ" ಅಂತ ಕೇಳಬೇಡಿ. ಫಲಾನುಭವಿ ಕೋಡ್ ಹೇಳಿ, "ಲಿಂಟಲ್ ಫೋಟೋ ಅಪ್ರೂವ್ ಆಗಿದೆಯಾ, ಯಾವ ತಾರೀಕು" ಅಂತ ಕೇಳಿ. ಅದೇ ಕೋಡ್ ಹಾಕಿದರೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ವೆಬ್‌ಸೈಟ್‌ನಲ್ಲೂ ಮನೆ ಯಾವ ಹಂತದಲ್ಲಿದೆ ಅಂತ ನೋಡಬಹುದು.

ಇನ್ನೊಂದು. ನರೇಗಾ ಕೂಲಿಗೆ ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ತೆಗೆಸಿದ್ದೀರಾ? 2025-26ರಲ್ಲಿ ಸ್ವಂತ ಮನೆ ಕಟ್ಟುವುದಕ್ಕೆ 90 ದಿನದ ಕೂಲಿ ಇತ್ತು. ಆಗಿನ ರೇಟು ದಿನಕ್ಕೆ 370 ಅಂದರೆ 33,300 ಆಯಿತು. ಕೇಳದಿದ್ದರೆ ಅವರಾಗೇ ಹೇಳಲ್ಲ.

ಚನ್ನಗಿರಿ_ಅಕ್ಕ:

ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಅಂತಲೂ ನೋಡಿಸಪ್ಪ. ನಮ್ಮತ್ತೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದು ಒಂದು ಬ್ಯಾಂಕಿಂದು. ದುಡ್ಡು ಹೋಗಿ ಬಿದ್ದಿದ್ದು ಅವರು ಮರೆತೇ ಬಿಟ್ಟಿದ್ದ ಜನಧನ್ ಖಾತೆಗೆ. ನಾವು ಇಲ್ಲಿ ಪಂಚಾಯಿತಿ ಅಧಿಕಾರಿ ಪಿಡಿಒ ಜೊತೆ ಜಗಳ ಆಡುತ್ತಿದ್ದೆವು, ದುಡ್ಡು ಅಲ್ಲಿ ಆರಾಮಾಗಿತ್ತು. ಗೃಹಲಕ್ಷ್ಮಿ ಬರುವ ಖಾತೆಯ ಎಂಟ್ರಿ ಹಾಕಿಸಿ ನೋಡಿ, ಅದರಲ್ಲೇ ಇದ್ದರೂ ಇರಬಹುದು.

ನೇರ_ಮಾತು:

ಸರ್ಕಾರ ಪುಕ್ಕಟೆ ಕೊಡುತ್ತೆ, ಅದಕ್ಕೂ ದೂರು. ಮುಂಗಡ ಕೊಟ್ಟರೆ ಬೈಕು, ಮದುವೆ ಅಂತ ಖರ್ಚು ಮಾಡುತ್ತಾರೆ. ನಮ್ಮೂರಲ್ಲಿ ದನದ ಕೊಟ್ಟಿಗೆ ತೋರಿಸಿ ಬಿಲ್ಲು ಎತ್ತಿದವರಿದ್ದಾರೆ. ನಮ್ಮ ಟ್ಯಾಕ್ಸ್ ದುಡ್ಡು ಅದು.

ಹಂಚಿನಮನೆ_ದಾವಣಗೆರೆ:

ಅಂಥವರು ನಮ್ಮೂರಲ್ಲೂ ಇದ್ದಾರೆ ಸಾರ್. ಅವರ ಬಿಲ್ಲು ನಾಲ್ಕೂ ಆಗಿದೆ, ಅದೇ ನೋಡಿ ತಮಾಷೆ. ಪುಕ್ಕಟೆ ಅಂದಿರಲ್ಲ, ಲೆಕ್ಕ ಕೇಳಿ. ಮೂರೂವರೆ ಚದರಕ್ಕೆ ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕಲು ಕಬ್ಬಿಣ, ಸಿಮೆಂಟು, ಜಲ್ಲಿ, ಸೆಂಟ್ರಿಂಗ್ ಬಾಡಿಗೆ, ಆಳು ಎಲ್ಲ ಸೇರಿ ನಮ್ಮ ಮೇಸ್ತ್ರಿ ಹೇಳಿದ್ದು 1.10 ಲಕ್ಷ. ಬರೀ ಮೋಲ್ಡ್‌ಗೆ. ಇಡೀ ಮನೆಗೆ ಸರ್ಕಾರದ್ದು 1.20. ಮಿಕ್ಕಿದ್ದೆಲ್ಲ ನಮ್ಮದೇ ಅಲ್ವಾ? ಸಿಮೆಂಟ್ ತರುವಾಗ ನಾವೂ ಟ್ಯಾಕ್ಸ್ ಕಟ್ಟಿಯೇ ತಂದಿದ್ದೇವೆ.

@ಚನ್ನಗಿರಿ_ಅಕ್ಕ, ಇವತ್ತು ಎಂಟ್ರಿ ಹಾಕಿಸಿದೆ. ಅದರಲ್ಲಿ ಇಲ್ಲ ಅಕ್ಕ.

ಮಾಜಿ_ಮೆಂಬರ್:

@ನೇರ_ಮಾತು, ಕೇಂದ್ರದ ಪಿಎಂ ಆವಾಸ್ ಗ್ರಾಮೀಣದ ಮಾರ್ಗಸೂಚಿಯಲ್ಲಿ ಮೊದಲ ಕಂತನ್ನು ಮಂಜೂರಾತಿ ಆದ ಕೂಡಲೇ ಕೊಡಬೇಕು ಅಂತಿದೆ. ಮುಂಗಡ ಕೊಟ್ಟರೆ ಎಲ್ಲರೂ ಹಾಳು ಮಾಡುತ್ತಾರೆ ಅಂತಿದ್ದರೆ ಆ ನಿಯಮ ಯಾಕೆ ಬರೆಯುತ್ತಿದ್ದರು? ಹಾಗಂತ ಅದನ್ನೂ ಜಾಸ್ತಿ ಹೊಗಳಬೇಕಿಲ್ಲ. ಬಯಲು ಪ್ರದೇಶಕ್ಕೆ 1.20 ಲಕ್ಷ ಅಂತ ಅಲ್ಲಿ ಗೊತ್ತು ಮಾಡಿದ್ದು 2016ರಲ್ಲಿ. ಆಗಿನ ಕಬ್ಬಿಣದ ರೇಟಿಗೂ ಈಗಿನದಕ್ಕೂ ಎಲ್ಲಿಂದೆಲ್ಲಿಗೆ!

ತಮ್ಮ, ನೀವು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 150 ಪದದೊಳಗೆ, ಒಂದೇ ವಿಷಯ. ಲಿಂಟಲ್ ಫೋಟೋ ಅಪ್‌ಲೋಡ್ ಆದ ತಾರೀಕು, ಅನುಮೋದನೆಯ ತಾರೀಕು, ಅಷ್ಟೇ ಕೇಳಿ. ಯಾಕೆ ತಡ ಅಂತ ಕೇಳಿದರೆ ಏನಾದರೂ ಕಥೆ ಬರೆದು ಕಳಿಸುತ್ತಾರೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಪ್ರತಿ ಇಟ್ಟರೆ ಅದೂ ಇಲ್ಲ. ಉತ್ತರ 30 ದಿನದೊಳಗೆ ಕೊಡಬೇಕು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಹಂಚಿನಮನೆ_ದಾವಣಗೆರೆ:

ಆಯ್ತು ಅಣ್ಣ, ಸೋಮವಾರವೇ ಕೊಡುತ್ತೇನೆ. ನರೇಗಾ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಜಾಬ್ ಕಾರ್ಡ್‌ನಲ್ಲಿ ಅಪ್ಪನ ಹೆಸರು ಇನ್ನೂ ಇದೆ, ಅವರು ತೀರಿಕೊಂಡಿದ್ದಾರೆ. ಅದಕ್ಕೇನಾದರೂ ತಕರಾರು ತೆಗೆಯುತ್ತಾರಾ?

ಮಾಜಿ_ಮೆಂಬರ್:

ಮರಣ ಪ್ರಮಾಣಪತ್ರ ಕೊಟ್ಟು ಅಪ್ಪನ ಹೆಸರು ತೆಗೆಸಿ, ಅಮ್ಮನ ಹೆಸರಲ್ಲಿ ಕೆಲಸ ಕೇಳಿ ಅರ್ಜಿ ಕೊಡಿ. ಮೋಲ್ಡ್ ಹಾಕುವ ಮುಂಚೆಯೇ ಕೊಡಿ. ಮನೆ ಮುಗಿದ ಮೇಲೆ ಹೋದರೆ ಕೆಲಸವೇ ಇಲ್ಲ ಅಂತಾರೆ.